ವಹಿವಾಟು ಕೋಟಿ ದಾಟಿದರೆ ಆಡಿಟ್ ಕಡ್ಡಾಯವೇ?

ಪ್ರಶ್ನೆ: ತುಮಕೂರಿನಲ್ಲಿ ನನ್ನ ಹೆಸರಿನಲ್ಲೇ ಹಾರ್ಡ್‌ವೇರ್ ಅಂಗಡಿ ಇದೆ. 2025–26ರಲ್ಲಿ ವಹಿವಾಟು 1.60 ಕೋಟಿ ರೂ. ಆಗಿದೆ. ಅದರಲ್ಲಿ 40 ಲಕ್ಷ ನಗದು, ಉಳಿದದ್ದು ಯುಪಿಐ, ಬ್ಯಾಂಕ್ ಮೂಲಕ. ಮೂರು ವರ್ಷದಿಂದ 44ಎಡಿ (ವಹಿವಾಟಿನ ಇಂತಿಷ್ಟು ಶೇಕಡಾವನ್ನೇ ಲಾಭವೆಂದು ಅಂದಾಜಿಸುವ ಕಲಂ) ಅಡಿ ರಿಟರ್ನ್ ಹಾಕುತ್ತಿದ್ದೇನೆ. ಈ ಸಲ ನಿಜಕ್ಕೂ ಉಳಿದ ಲಾಭ 7 ಲಕ್ಷ. ಬೇರೆ ಆದಾಯವಿಲ್ಲ. ಕೋಟಿ ದಾಟಿದೆ, ಆಡಿಟ್ ಮಾಡಿಸಲೇಬೇಕು ಎನ್ನುತ್ತಾರೆ. ಹೌದೇ? ಇದ್ದ ಲಾಭವನ್ನೇ ತೋರಿಸಿದರೆ ಏನಾಗುತ್ತದೆ?

ಉತ್ತರ: ಹಾಗೆ ಹೇಳಿದವರು ಅರ್ಧ ಹೇಳಿದ್ದಾರೆ. ಆದಾಯ ತೆರಿಗೆ ಕಾಯ್ದೆಯ 44ಎಬಿ ಪ್ರಕಾರ ವಹಿವಾಟು 1 ಕೋಟಿ ಮೀರಿದರೆ ಆಡಿಟ್ ಬೇಕು. ನಗದಾಗಿ ಬಂದದ್ದು, ನಗದಾಗಿ ಕೊಟ್ಟದ್ದು ಎರಡೂ ಶೇ 5ರೊಳಗಿದ್ದರೆ ಮಿತಿ 10 ಕೋಟಿಗೆ ಏರುತ್ತದೆ. ನಿಮ್ಮಲ್ಲಿ ಬಂದ ನಗದೇ ಶೇ 25, ಹಾಗಾಗಿ ಅದು ನಿಮಗೆ ಅನ್ವಯಿಸದು. ಆದರೆ 44ಎಡಿ ಲೆಕ್ಕದಂತೆ ಲಾಭ ತೋರಿಸುವವರಿಗೆ 2 ಕೋಟಿವರೆಗೆ ಆಡಿಟ್ ಬೇಕಿಲ್ಲ.

ಆ ಲೆಕ್ಕ ಹೀಗೆ. ಬ್ಯಾಂಕ್, ಯುಪಿಐ ಮೂಲಕ ಬಂದ 1.20 ಕೋಟಿಗೆ ಶೇ 6ರಂತೆ 7.20 ಲಕ್ಷ, ನಗದು 40 ಲಕ್ಷಕ್ಕೆ ಶೇ 8ರಂತೆ 3.20 ಲಕ್ಷ, ಒಟ್ಟು 10.40 ಲಕ್ಷ. ನಿಮ್ಮ ನಿಜ ಲಾಭಕ್ಕಿಂತ ಇದು ಹೆಚ್ಚು, ನಿಜ. ಆದರೆ ಹೊಸ ತೆರಿಗೆ ಪದ್ಧತಿಯಲ್ಲಿ 2025–26ರ ಆದಾಯ 12 ಲಕ್ಷದವರೆಗೆ 87ಎ ರಿಬೇಟ್‌ನಿಂದ ತೆರಿಗೆ ಸೊನ್ನೆ. 7 ಲಕ್ಷ ತೋರಿಸಿದರೂ ಸೊನ್ನೆ, 10.40 ತೋರಿಸಿದರೂ ಸೊನ್ನೆ. ಮತ್ತೆ ಯಾಕೆ ತಲೆನೋವು?

7 ಲಕ್ಷವನ್ನೇ ತೋರಿಸುತ್ತೇನೆಂದು ಹಟ ಹಿಡಿದರೆ ಪೂರ್ತಿ ಲೆಕ್ಕಪುಸ್ತಕ ಬರೆಸಬೇಕು, ಆಡಿಟರ್ ಶುಲ್ಕ ಕೊಡಬೇಕು, ಮುಂದಿನ ಐದು ವರ್ಷ 44ಎಡಿ ಬಾಗಿಲು ಮುಚ್ಚುತ್ತದೆ. ಆಡಿಟ್ ಮಾಡಿಸದೇ ಬಿಟ್ಟರೆ 271ಬಿ ದಂಡ: ವಹಿವಾಟಿನ ಶೇ 0.5 ಅಥವಾ 1.5 ಲಕ್ಷ, ಯಾವುದು ಕಡಿಮೆಯೋ ಅದು. ನಿಮಗೆ 80 ಸಾವಿರ. ವ್ಯಾಪಾರ ನಷ್ಟದಲ್ಲಿದ್ದು, ಆ ನಷ್ಟವನ್ನು ಮುಂದಿನ ವರ್ಷಗಳಿಗೆ ಒಯ್ಯಬೇಕೆಂದಿದ್ದರೆ ಮಾತ್ರ ಆಡಿಟ್‌ನ ಖರ್ಚಿಗೆ ಅರ್ಥವಿದೆ. ನಿಮ್ಮದು ಆ ಸ್ಥಿತಿಯಲ್ಲ.

ಮಾರ್ಚ್ 31ಕ್ಕೆ ಬಾಕಿ ಉಳಿದ ಉದ್ರಿ ರಿಟರ್ನ್ ಸಲ್ಲಿಕೆಯ ಕೊನೆಯ ದಿನದೊಳಗೆ ಬ್ಯಾಂಕಿಗೆ ಬಂದರೆ ಅದಕ್ಕೂ ಶೇ 6 ಸಾಕು. ಬೇರರ್ ಚೆಕ್ ಮಾತ್ರ ನಗದಿನ ಲೆಕ್ಕಕ್ಕೇ ಸೇರುತ್ತದೆ.

ನೀವು ಕೇಳದ ಒಂದು ವಿಷಯ. ಮನೆ ಕಟ್ಟುವವರು ಸಿಮೆಂಟು, ಕಬ್ಬಿಣ ಒಯ್ದು 2.40 ಲಕ್ಷದ ಒಂದೇ ಬಿಲ್ಲಿಗೆ ಮೂರು ದಿನ 80 ಸಾವಿರದಂತೆ ನಗದು ಕೊಡುತ್ತಾರೆ. ದಿನಕ್ಕೆ 2 ಲಕ್ಷ ದಾಟಲಿಲ್ಲವಲ್ಲ ಎಂದು ಅಂಗಡಿಯವರು ನಿರಾಳ. ಆದರೆ ನಗದು ಪಡೆಯುವುದಕ್ಕೆ ಮಿತಿ ಹಾಕುವ ಕಲಂ 269ಎಸ್‌ಟಿ ದಿನವನ್ನಷ್ಟೇ ಅಲ್ಲ, ಒಂದೇ ವ್ಯವಹಾರದ ಮೊತ್ತವನ್ನೂ ನೋಡುತ್ತದೆ. ದಂಡ ಪಡೆದ ನಗದಿನಷ್ಟೇ! ಹಾರ್ಡ್‌ವೇರ್ ಅಂಗಡಿಗಳಿಗೆ ಆಡಿಟ್‌ಗಿಂತ ನನಗೆ ಈ ಭಯವೇ ಹೆಚ್ಚು.

ಐಟಿಆರ್–4 (44ಎಡಿಯವರ ರಿಟರ್ನ್ ನಮೂನೆ) ತುಂಬುವ ಮೊದಲು ಎಐಎಸ್, ಅಂದರೆ ತೆರಿಗೆ ಇಲಾಖೆಯಲ್ಲಿರುವ ನಿಮ್ಮ ವಾರ್ಷಿಕ ಮಾಹಿತಿ ಪಟ್ಟಿ, ತೆರೆದು ನೋಡಿ. ನಿಮ್ಮ ಜಿಎಸ್‌ಟಿ ರಿಟರ್ನ್‌ಗಳ ವಹಿವಾಟು ಅಲ್ಲಿ ಕಾಣುತ್ತದೆ. 1.60 ಕೋಟಿಗೆ ಅದು ತಾಳೆಯಾಗದಿದ್ದರೆ, ವಾಪಸ್ ಬಂದ ಮಾಲೋ ಕ್ರೆಡಿಟ್ ನೋಟೋ ಯಾವುದರಿಂದ ಎಂದು ಈಗಲೇ ಹುಡುಕಿ ಬಿಲ್‌ಗಳ ಜೊತೆ ಬರೆದಿಟ್ಟುಕೊಳ್ಳಿ. ನೋಟಿಸ್ ಬಂದರೆ ಮೊದಲು ಕೇಳುವುದು ಅದನ್ನೇ.