ಒಂದೇ ಸಂಬಳದಲ್ಲಿ ವಿದೇಶ: ಗುಣಿಸುವುದನ್ನು ಬಿಡಿ, ಕಳೆಯಿರಿ

ಈ ಸಲವೂ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ಪ್ರಶ್ನೆ. ದೇಶ ಬೇರೆ, ಸಂಬಳ ಬೇರೆ, ಆದರೆ ಕೇಳಿರುವುದು ಮಾತ್ರ "ಒಬ್ಬರ ಸಂಬಳದಲ್ಲಿ ಅಲ್ಲಿ ಸಂಸಾರ ನಡೆಯುತ್ತದಾ?" ಎಂದು. ವೀಸಾ ಫಾರ್ಮ್ ತುಂಬುವುದು ಹೇಗೆ, ಯಾವ ಕಾಗದ ಬೇಕು ಎನ್ನುವುದನ್ನೆಲ್ಲ ನಾನು ಬರೆಯುವುದಿಲ್ಲ. ನಾನು ಸಂಬಳದ ಲೆಕ್ಕ ನೋಡುವವಳು. ಎಲ್ಲ ಅಂಕಿಗಳನ್ನೂ ಕೊಟ್ಟು ಬರೆದವರು ಒಬ್ಬರೇ. ಹಾಗಾಗಿ ಅವರಿಗೇ ಹೆಚ್ಚು ಜಾಗ.

ಪ್ರಶ್ನೆ: ದುಬೈನಲ್ಲಿ 9,000 ದಿರ್ಹಮ್ ಸಂಬಳ. ತೆರಿಗೆ ಇಲ್ಲ. ಹೆಂಡತಿ, ಇಬ್ಬರು ಮಕ್ಕಳನ್ನು ಕರೆಸಿಕೊಳ್ಳಬಹುದಾ? 4,000 ಇದ್ದರೆ ಸಾಕು ಎಂದು ನಿಯಮವೇ ಇದೆಯಂತೆ. – ಉಡುಪಿಯ ಓದುಗರು

4,000 ದಿರ್ಹಮ್ ಎನ್ನುವುದು ಕುಟುಂಬದ ವೀಸಾ ಕೊಡಲು ಸರ್ಕಾರ ಇಟ್ಟ ಮಿತಿ. ಅಷ್ಟರಲ್ಲಿ ಸಂಸಾರ ನಡೆಯುತ್ತದೆ ಎಂದು ಸರ್ಕಾರ ಎಲ್ಲೂ ಹೇಳಿಲ್ಲ. ಅಲ್ಲಿ ನಮ್ಮ ಮಕ್ಕಳು ಓದುವುದು ಖಾಸಗಿ ಶಾಲೆಯಲ್ಲಿ, ಫೀಸು ನಿಮ್ಮದೇ ಜೇಬಿನಿಂದ. ಮನೆ ಬಾಡಿಗೆಗೆ ಮೊದಲೇ ದಿನಾಂಕ ಹಾಕಿದ ಚೆಕ್ಕುಗಳನ್ನು ಕೊಡಬೇಕು. ಕರಾರಿನಲ್ಲಿ ಮನೆ ಮತ್ತು ಶಾಲೆಯ ಭತ್ಯೆ ಇಲ್ಲದಿದ್ದರೆ ಕರೆಸಬೇಡಿ.

ಪ್ರಶ್ನೆ: ನನಗೆ 37 ವರ್ಷ, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ, ವರ್ಷಕ್ಕೆ 24 ಲಕ್ಷ. ಜರ್ಮನಿಯ ಮ್ಯೂನಿಕ್‌ನಿಂದ 62,000 ಯೂರೋ ಆಫರ್ ಬಂದಿದೆ. ಅಂದರೆ 62 ಲಕ್ಷ. ಮನೆಯವರು ಹೈಸ್ಕೂಲಿನಲ್ಲಿ ಗಣಿತದ ಟೀಚರ್, ತಿಂಗಳಿಗೆ 38,000. ಕೆಲಸ ಬಿಟ್ಟು ಬರಬೇಕಾಗುತ್ತದೆ. ಮಗಳು 3ನೇ ಕ್ಲಾಸು, ಮಗನಿಗೆ 3 ವರ್ಷ. ಫ್ಲ್ಯಾಟಿನ ಇಎಂಐ 42,000. ಮೈಸೂರಿನಲ್ಲಿರುವ ಅಪ್ಪ ಅಮ್ಮನಿಗೆ ತಿಂಗಳಿಗೆ 15,000 ಕೊಡುತ್ತೇನೆ. ಗೆಳೆಯರೆಲ್ಲ "ಯೋಚನೆ ಮಾಡೋದೇನಿದೆ, ಹೊರಡು" ಎನ್ನುತ್ತಿದ್ದಾರೆ. ಒಂದೇ ಸಂಬಳ ಸಾಕಾಗುತ್ತದಾ ಮೇಡಂ?

ಮೊದಲು ಆ 62 ಲಕ್ಷವನ್ನು ಮರೆತುಬಿಡಿ. ಯೂರೋದಲ್ಲಿ ಬರುವ ಹಣ ಯೂರೋದಲ್ಲೇ ಖರ್ಚಾಗುತ್ತದೆ. ಅದನ್ನು ನೂರರಿಂದ ಗುಣಿಸಿ ರೀಲ್ಸ್ ಮಾಡುವವರು ಬಾಡಿಗೆಯನ್ನು ಮಾತ್ರ ಗುಣಿಸಿ ತೋರಿಸುವುದಿಲ್ಲ. ಈ ಗುಣಾಕಾರ ನಂಬಿ ಹೊರಟವರ ಪತ್ರಗಳು ಆರು ತಿಂಗಳಾದ ಮೇಲೆ ನನಗೆ ಬರುತ್ತವೆ. ಅವನ್ನು ಓದುವಾಗ ಸಂಕಟವಾಗುತ್ತದೆ.

ಕೈಗೆ ಎಷ್ಟು ಬರುತ್ತದೆ ನೋಡೋಣ. ತಿಂಗಳಿಗೆ 5,167 ಯೂರೋ ಸಂಬಳ. ಅದರಲ್ಲಿ ಪಿಂಚಣಿ, ಆರೋಗ್ಯ ವಿಮೆ, ನಿರುದ್ಯೋಗ ವಿಮೆ, ಆರೈಕೆ ವಿಮೆ (ಮುಂದೆ ಕಾಯಿಲೆ, ವಯಸ್ಸಿನಿಂದ ಇನ್ನೊಬ್ಬರ ಆರೈಕೆ ಬೇಕಾದರೆ) ಎಂದು ಸುಮಾರು 1,080 ಹೋಗುತ್ತದೆ. ಆಮೇಲೆ ತೆರಿಗೆ. ಅಲ್ಲಿ ತೆರಿಗೆಗೆ ವರ್ಗಗಳಿವೆ. ಒಂಟಿಯಾಗಿದ್ದರೆ 1ನೇ ವರ್ಗ, ಕೈಗೆ 3,200ರ ಹತ್ತಿರ. ಹೆಂಡತಿ ಅಲ್ಲಿಗೆ ಬಂದು ವಿಳಾಸ ನೋಂದಣಿ ಮಾಡಿಸಿದ ಮೇಲೆ 3ನೇ ವರ್ಗ ಕೇಳಬಹುದು, ಆಗ 3,600ರ ಹತ್ತಿರ. ಇದು ತಾನಾಗಿ ಆಗುವುದಿಲ್ಲ. ಸುಮ್ಮನಿದ್ದರೆ ಇಬ್ಬರನ್ನೂ 4ನೇ ವರ್ಗಕ್ಕೆ ಹಾಕುತ್ತಾರೆ, ನಿಮ್ಮ ಕೈಗೆ 1ನೇ ವರ್ಗದಷ್ಟೇ ಬರುತ್ತದೆ. ಬದಲಾಯಿಸಿ ಎಂದು ನೀವೇ ಅರ್ಜಿ ಹಾಕಬೇಕು. ಇನ್ನೊಂದು ವಿಷಯ. ಕುಟುಂಬ ವರ್ಷದ ಮಧ್ಯದಲ್ಲಿ ಬಂದರೂ ಆ ವರ್ಷದ ರಿಟರ್ನ್ಸ್ ಜಂಟಿಯಾಗಿ ಹಾಕಬಹುದು. ಒಂಟಿಯಾಗಿದ್ದ ತಿಂಗಳುಗಳಲ್ಲಿ ಹೆಚ್ಚು ಕಟ್ಟಿದ ತೆರಿಗೆಯಲ್ಲಿ ಸ್ವಲ್ಪ ವಾಪಸ್ ಬರುತ್ತದೆ. ಆ ವರ್ಷ ನಿಮ್ಮ ಮನೆಯವರು ಇಲ್ಲಿ ಗಳಿಸಿದ ಸಂಬಳವನ್ನೂ ತೋರಿಸಬೇಕು. ತೆರಿಗೆಯ ದರ ಲೆಕ್ಕ ಹಾಕಲು ಅದನ್ನು ಸೇರಿಸಿಕೊಳ್ಳುತ್ತಾರೆ.

ಸರ್ಕಾರ ಕೊಡುವ ಮಕ್ಕಳ ಭತ್ಯೆ ಬೇರೆ. 2026ರಿಂದ ಮಗುವೊಂದಕ್ಕೆ ತಿಂಗಳಿಗೆ 259 ಯೂರೋ, ನಿಮಗೆ 518. ಅರ್ಜಿ ಹಾಕುವುದು ತಡವಾದರೆ ಹಿಂದಿನ ಆರು ತಿಂಗಳದ್ದು ಮಾತ್ರ ಸಿಗುತ್ತದೆ, ಅದಕ್ಕೂ ಹಿಂದಿನದು ಹೋಯಿತು ಎಂದೇ ಲೆಕ್ಕ. ನಿಮ್ಮ ಸಂಬಳಕ್ಕೆ ಸರ್ಕಾರಿ ಆರೋಗ್ಯ ವಿಮೆ ಕಡ್ಡಾಯ, ಅದು ಒಳ್ಳೆಯದೇ. ಸಂಪಾದನೆ ಇಲ್ಲದ ಹೆಂಡತಿಗೂ ಮಕ್ಕಳಿಗೂ ಅದರಲ್ಲೇ ರಕ್ಷಣೆ ಇದೆ, ಬೇರೆ ಕಂತಿಲ್ಲ. ಖಾಸಗಿ ವಿಮೆಯಲ್ಲಿ ತಲೆಗೊಂದು ಕಂತು. ಹೆಚ್ಚು ಸಂಬಳದವರಿಗೆ "ಖಾಸಗಿ ವಿಮೆ ಅಗ್ಗ" ಎಂದು ಒಬ್ಬರ ಕಂತು ಮಾತ್ರ ತೋರಿಸಿ ಮಾರುವ ಏಜೆಂಟರಿದ್ದಾರೆ. ಸಂಸಾರವಿರುವವರು ಅಂಥವರ ಹತ್ತಿರ ಕೂರಲೂಬೇಡಿ.

ಅಂತೂ ಕೈಗೆ ಒಟ್ಟು 4,100 ಚಿಲ್ಲರೆ. ಇನ್ನು ಕಳೆಯಿರಿ. ಮ್ಯೂನಿಕ್‌ನಲ್ಲಿ ಎರಡು ಬೆಡ್‌ರೂಮಿನ ಮನೆಗೆ ಚಳಿಗೆ ಮನೆ ಬಿಸಿ ಮಾಡುವ ಖರ್ಚು ಸೇರಿ 1,900 ಇಟ್ಟುಕೊಳ್ಳಿ. ಅಲ್ಲಿನ ಜಾಹೀರಾತಿನಲ್ಲಿ ‘ತಣ್ಣನೆ ಬಾಡಿಗೆ’ (ಬರೀ ಮನೆಗೆ), ‘ಬೆಚ್ಚನೆ ಬಾಡಿಗೆ’ (ಬಿಸಿ ಮಾಡುವ ಖರ್ಚೂ ಸೇರಿ) ಎಂದು ಎರಡಿರುತ್ತವೆ. ನೀವು ನೋಡಬೇಕಾದ್ದು ಎರಡನೆಯದು. ಕರೆಂಟು, ಇಂಟರ್‌ನೆಟ್ಟು 130. ಮನೆ ಸಾಮಾನು, ತರಕಾರಿ, ಹಾಲು 600. ಸೋನಾ ಮಸೂರಿ, ತೊಗರಿಬೇಳೆಗೆ ಇಂಡಿಯನ್ ಅಂಗಡಿಗೆ ಹೋದರೆ ಇನ್ನೂ ಜಾಸ್ತಿ. ಇಡೀ ದೇಶದಲ್ಲಿ ಸ್ಥಳೀಯ ರೈಲು ಬಸ್ಸಿಗೆ ನಡೆಯುವ ಪಾಸು ಈಗ 63 ಯೂರೋ, ಇಬ್ಬರಿಗೆ 126. ಟಿವಿ ಇರಲಿ ಬಿಡಲಿ, ಮನೆಗೊಂದರಂತೆ ಪ್ರಸಾರ ಶುಲ್ಕ 18.36. ಫೋನು, ಮಗನ ಶಿಶುವಿಹಾರದ ಊಟ, ಚಳಿಗಾಲದ ಬಟ್ಟೆ ಬೂಟು ಸೇರಿ 300. ಮನೆಯವರ ಜರ್ಮನ್ ಕ್ಲಾಸಿಗೆ 200. ವರ್ಷಕ್ಕೊಮ್ಮೆ ನಾಲ್ಕು ಜನ ಊರಿಗೆ ಬಂದುಹೋಗಲು ತಿಂಗಳಿಗೆ 280 ಎತ್ತಿಡಬೇಕು. ಹತ್ತಿರ ಹತ್ತಿರ 3,550 ಆಯಿತು.

ಉಳಿದದ್ದು 550ರಿಂದ 600. ಈಗ ನಿಮ್ಮ ಇಎಂಐ ಮತ್ತು ಅಪ್ಪ ಅಮ್ಮನ ಹಣ ಸೇರಿಸಿ, 57,000 ರೂಪಾಯಿ. ನೀವು ಹಾಕಿದ ನೂರರ ಲೆಕ್ಕದಲ್ಲೇ 570 ಯೂರೋ. ಅಲ್ಲಿಗೆ ಕೈ ಖಾಲಿ.

ನಿಮ್ಮ ಗೆಳೆಯರು ಹಾಕದ ಲೆಕ್ಕ ಇದು. ಅಲ್ಲಿನ ಜೀವನಕ್ಕೆ ಒಂದು ಸಂಬಳ ಸಾಕು. ಆದರೆ ಅದೇ ಸಂಬಳ ಇಲ್ಲಿನ ಸಾಲವನ್ನೂ ಹೊರಬೇಕಾದಾಗ ಸಾಕಾಗುವುದಿಲ್ಲ. ಇಲ್ಲಿ ನಿಮ್ಮ ಇಎಂಐನ ಬಹುಪಾಲನ್ನು ತೂಗಿಸುತ್ತಿದ್ದದ್ದು ಮನೆಯವರ 38,000. ಅದು ನಿಂತುಹೋಗುತ್ತದೆ, ಇಎಂಐ ನಿಲ್ಲುವುದಿಲ್ಲ. ಆದ್ದರಿಂದ ಹೊರಡುವ ಮೊದಲೇ ಫ್ಲ್ಯಾಟು ಬಾಡಿಗೆಗೆ ಹೋಗಬೇಕು. "ರಜೆಗೆ ಬಂದಾಗ ಉಳಿದುಕೊಳ್ಳಲು ಇರಲಿ" ಎಂದು ಬೀಗ ಹಾಕಿ ಹೋಗುವಷ್ಟು ಅನುಕೂಲ ನಿಮಗಿಲ್ಲ.

ಮೊದಲ ಖರ್ಚಿನ ಕಥೆ ಬೇರೆ. ಅಡ್ವಾನ್ಸ್ ಮೂರು ತಿಂಗಳ ತಣ್ಣನೆ ಬಾಡಿಗೆಯವರೆಗೆ ಕೇಳಬಹುದು. ಅದನ್ನು ಮೂರು ಕಂತಿನಲ್ಲಿ ಕೊಡಲು ಕಾನೂನಿನಲ್ಲೇ ಅವಕಾಶವಿದೆ, ಕೇಳಲು ಸಂಕೋಚಪಡಬೇಡಿ. ಮನೆ ಸಿಕ್ಕಿತು ಎಂದು ಬಾಗಿಲು ತೆಗೆದರೆ ಅಡುಗೆಮನೆಯಲ್ಲಿ ಗೋಡೆಯಿಂದ ಹೊರಬಂದ ಎರಡು ನೀರಿನ ಪೈಪು ಬಿಟ್ಟರೆ ಏನೂ ಇರುವುದಿಲ್ಲ. ಸಿಂಕ್ ಇಲ್ಲ, ಒಲೆ ಇಲ್ಲ, ಕಪಾಟಿಲ್ಲ. ಚಾವಣಿಯಲ್ಲಿ ಬಲ್ಬಿನ ಹೋಲ್ಡರ್ ಕೂಡ ಇಲ್ಲದೆ ವೈರು ಮಾತ್ರ ನೇತಾಡುತ್ತಿರುತ್ತದೆ. ಹಿಂದಿನ ಬಾಡಿಗೆದಾರರು ಎಲ್ಲ ಬಿಚ್ಚಿಕೊಂಡು ಹೋಗಿರುತ್ತಾರೆ, ಅಲ್ಲಿ ಇದು ಮಾಮೂಲು. ಅಡುಗೆಮನೆ ಕೂರಿಸಲು ಕೆಲವು ಸಾವಿರ ಯೂರೋ ಬೇಕು. ಇಂಥ ಮನೆ ಸಿಗುವವರೆಗೆ ಫರ್ನಿಚರ್ ಸಮೇತದ ತಾತ್ಕಾಲಿಕ ಮನೆ ಹಿಡಿದರೆ ಅದರ ಬಾಡಿಗೆ ಇನ್ನೂ ದುಬಾರಿ. ಕೈಯಲ್ಲಿ 12ರಿಂದ 15 ಲಕ್ಷ ಇಲ್ಲದೆ ಸಂಸಾರ ಸಮೇತ ಹೊರಡಬೇಡಿ. ಸಾಲ ಮಾಡಿ ಹೊರಡುವುದಂತೂ ಬೇಡವೇ ಬೇಡ. ಕಂಪನಿಯವರ ಹತ್ತಿರ ಸಂಬಳ ಏರಿಸಿ ಎಂದು ಎಳೆದಾಡುವ ಬದಲು ಎರಡು ತಿಂಗಳ ವಸತಿ ಮತ್ತು ನಾಲ್ವರ ಟಿಕೆಟ್ ಕೇಳಿ. ನಿಮಗೆ ಅದರಲ್ಲೇ ಲಾಭ ಹೆಚ್ಚು.

ನನಗೆ ನಿಜವಾದ ಭಯ ಇರುವುದು ಮೊದಲ ವರ್ಷದ ಬಗ್ಗೆ. ಸಾಮಾನ್ಯವಾಗಿ ಮೊದಲ ಆರು ತಿಂಗಳು ಪ್ರೊಬೇಷನ್. ಆ ಅವಧಿಯಲ್ಲಿ ಎರಡು ವಾರದ ನೋಟಿಸ್ ಕೊಟ್ಟು ಕೆಲಸದಿಂದ ತೆಗೆಯಬಹುದು. ನಿರುದ್ಯೋಗ ಭತ್ಯೆ ಇದೆಯಲ್ಲ ಎನ್ನುತ್ತೀರಾ? ಅದು ಸಿಗಬೇಕಾದರೆ ಕನಿಷ್ಠ 12 ತಿಂಗಳು ವಿಮೆ ಕಟ್ಟಿರಬೇಕು. ಅಂದರೆ ಮೊದಲ ವರ್ಷ ನಿಮ್ಮ ಕೆಳಗೆ ಬಲೆ ಇಲ್ಲ. ಗಂಡ ಹೆಂಡತಿ ಇಬ್ಬರೂ ದುಡಿಯುವ ಮನೆಯಲ್ಲಿ ಒಬ್ಬರ ಕೆಲಸ ಹೋದರೆ ಕಷ್ಟ. ಒಬ್ಬರೇ ದುಡಿಯುವ ಮನೆಯಲ್ಲಿ ಸಂಬಳವೂ ಹೋಗುತ್ತದೆ, ದೇಶದಲ್ಲಿ ಉಳಿಯುವ ಹಕ್ಕೂ ಅಲುಗಾಡುತ್ತದೆ. ಅದಕ್ಕೇ ಹೇಳುತ್ತೇನೆ, ಪ್ರೊಬೇಷನ್ ಮುಗಿಯುವವರೆಗೆ ನೀವೊಬ್ಬರೇ ಹೋಗಿ. ರೂಮ್ ಮಾಡಿಕೊಂಡು ಇರಿ. ಮನೆಯವರು ಅಲ್ಲಿಯವರೆಗೆ ಕೆಲಸ ಬಿಡುವುದು ಬೇಡ. ಈ ವಿಷಯದಲ್ಲಿ ನಾನು ಅತಿ ಹೆದರುತ್ತೇನೆ ಎಂದು ಕೆಲವರು ಹೇಳುತ್ತಾರೆ. ಹೇಳಲಿ. ಇಬ್ಬರು ಮಕ್ಕಳಿರುವ ಮನೆಗೆ ನಾನು ಬೇರೆ ಸಲಹೆ ಕೊಡುವುದಿಲ್ಲ.

ಆದರೆ ನಿಮ್ಮ ಮಗಳ ವಿಷಯದಲ್ಲಿ ತಡ ಮಾಡುವಂತೆಯೂ ಇಲ್ಲ. ಇದನ್ನು ನೀವು ಕೇಳಿಯೇ ಇಲ್ಲ, ಆದರೆ ಸಂಬಳಕ್ಕೂ ಇದಕ್ಕೂ ನೇರ ಸಂಬಂಧ ಇದೆ. ಮ್ಯೂನಿಕ್ ಇರುವುದು ಬವೇರಿಯ ರಾಜ್ಯದಲ್ಲಿ. ಅಲ್ಲಿ 4ನೇ ಕ್ಲಾಸಿನ ಅಂಕ ನೋಡಿ ಮಕ್ಕಳನ್ನು ಬೇರೆ ಬೇರೆ ಶಾಲೆಗಳಿಗೆ ಹಂಚುತ್ತಾರೆ. ಯೂನಿವರ್ಸಿಟಿಯ ನೇರ ದಾರಿಯಾದ ಗಿಮ್ನಾಸಿಯುಮ್ ಶಾಲೆಗೆ ಹೋಗಬೇಕಾದರೆ ಜರ್ಮನ್, ಗಣಿತ, ಪರಿಸರ ಅಧ್ಯಯನ ಮೂರರ ಸರಾಸರಿ 2.33 ಅಥವಾ ಅದಕ್ಕಿಂತ ಒಳ್ಳೆಯದಿರಬೇಕು. ಅಲ್ಲಿ 1 ಅಂದರೆ ಅತ್ಯುತ್ತಮ, ಅಂಕ ಕಡಿಮೆ ಇದ್ದಷ್ಟೂ ಒಳ್ಳೆಯದು. ಜರ್ಮನ್ ಬಾರದ ಮಗು ಒಂದು ವರ್ಷದಲ್ಲಿ ಅಲ್ಲಿಗೆ ಮುಟ್ಟುವುದು ಕಷ್ಟ. "ಇಂಟರ್‌ನ್ಯಾಷನಲ್ ಶಾಲೆಗೆ ಹಾಕಿದರಾಯಿತು" ಎನ್ನುವವರು ಫೀಸು ನೋಡಿಲ್ಲ. ವರ್ಷಕ್ಕೆ 20,000 ಯೂರೋ ದಾಟುವ ಶಾಲೆಗಳಿವೆ. ನಿಮ್ಮ ಕೈಗೆ ಬರುವುದರಲ್ಲಿ ಶೇಕಡ 40ಕ್ಕಿಂತ ಜಾಸ್ತಿ ಒಂದು ಮಗುವಿನ ಫೀಸಿಗೇ ಹೋಗುತ್ತದೆ. ಸರ್ಕಾರಿ ಶಾಲೆ ಉಚಿತ, ಚೆನ್ನಾಗಿಯೂ ಇದೆ. ಮಗಳಿಗೆ ಇವತ್ತಿನಿಂದಲೇ ಜರ್ಮನ್ ಶುರು ಮಾಡಿಸಿ. ಹೊಸದಾಗಿ ಬಂದ ಮಕ್ಕಳಿಗೆ ಭಾಷೆ ಕಲಿಸುವ ಪ್ರತ್ಯೇಕ ತರಗತಿಗಳು ಅಲ್ಲಿವೆ. ಅದರ ಬಗ್ಗೆಯೂ, ಒಂದು ಕ್ಲಾಸು ಹಿಂದೆ ಸೇರಿಸುವ ಬಗ್ಗೆಯೂ ಶಾಲೆಯವರ ಹತ್ತಿರ ಕೇಳಿ. ಒಂದು ವರ್ಷ ಹಿಂದೆ ಬಿದ್ದರೆ ಅವಮಾನವೇನಿಲ್ಲ. ಬರ್ಲಿನ್‌ನಲ್ಲಾದರೆ ಈ ಹಂಚಿಕೆ ಸಾಮಾನ್ಯವಾಗಿ 6ನೇ ಕ್ಲಾಸಿನ ನಂತರ. ನಿಮಗೆ ಊರು ಆರಿಸುವ ಅವಕಾಶವಿದ್ದರೆ ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಬಾಡಿಗೆಯ ಲೆಕ್ಕವೂ ಹಾಗೆಯೇ. ಲೈಪ್ಸಿಗ್‌ನಲ್ಲಿ 55,000 ಸಂಬಳ ಇರುವ ಸಂಸಾರ ಮ್ಯೂನಿಕ್‌ನ 62,000ಕ್ಕಿಂತ ಆರಾಮಾಗಿರುತ್ತದೆ.

ಕೊನೆಯದಾಗಿ ನಿಮ್ಮ ಮನೆಯವರು. ಎಲ್ಲ ಪತ್ರಗಳಲ್ಲೂ "ಅವಳು ಕೆಲಸ ಬಿಟ್ಟು ಬರುತ್ತಾಳೆ" ಎಂದು ಒಂದು ವಾಕ್ಯದಲ್ಲಿ ಮುಗಿಸಿರುತ್ತೀರಿ. ನೀವೂ ಹಾಗೇ ಮಾಡಿದ್ದೀರಿ. ನೀವು ಬ್ಲೂ ಕಾರ್ಡ್ (ಹೊರದೇಶದ ನುರಿತ ಉದ್ಯೋಗಿಗಳಿಗೆ ಕೊಡುವ ವಾಸದ ಪರವಾನಗಿ) ಮೇಲೆ ಹೋದರೆ ಅವರ ವೀಸಾಕ್ಕೆ ಜರ್ಮನ್ ಪರೀಕ್ಷೆ ಬೇಕಿಲ್ಲ, ಮೊದಲ ದಿನದಿಂದ ಯಾವ ಕೆಲಸ ಬೇಕಾದರೂ ಮಾಡಬಹುದು. ಆದರೆ ಕಾಗದದ ಮೇಲೆ ಹಕ್ಕಿದ್ದ ಮಾತ್ರಕ್ಕೆ ಕೆಲಸ ಸಿಕ್ಕಿಬಿಡುವುದಿಲ್ಲ. ಅಲ್ಲಿನ ಸರ್ಕಾರಿ ಶಾಲೆಯಲ್ಲಿ ಪಾಠ ಮಾಡಲು ಇಲ್ಲಿನ ಪದವಿಗೆ ಮಾನ್ಯತೆ ಪಡೆಯಬೇಕು, ಜರ್ಮನ್ ತುಂಬ ಮೇಲಿನ ಹಂತಕ್ಕೆ ಬಂದಿರಬೇಕು. ಅದಕ್ಕೆ ವರ್ಷಗಳು ಹಿಡಿಯುತ್ತವೆ. ಅವರಿಗೆ ಇದೆಲ್ಲ ಗೊತ್ತಿದೆಯಾ? ಕೂತು ಮಾತಾಡಿದ್ದೀರಾ? ಇಂದಿರಾನಗರದ ಮ್ಯಾಕ್ಸ್‌ಮುಲ್ಲರ್ ಭವನದಲ್ಲಿ ಈಗಲೇ ಎ1, ಅಂದರೆ ಮೊದಲ ಹಂತದ ಜರ್ಮನ್ ಕ್ಲಾಸಿಗೆ ಸೇರಿಸಿ. ನೀವು ಮುಂದೆ ಹೋಗಿ ನೆಲೆ ಕಂಡುಕೊಳ್ಳುವಷ್ಟರಲ್ಲಿ ಅವರು ಎ2 ಮುಗಿಸಿರಬಹುದು. ಅಲ್ಲಿಗೆ ಹೋದ ಮೇಲೆ ಎಷ್ಟೇ ಕಷ್ಟವಾದರೂ ಆ 200 ಯೂರೋಗೆ ಕೈ ಹಾಕಬೇಡಿ. ಕತ್ತರಿ ಬೀಳುವುದು ಮೊದಲು ಅದಕ್ಕೇ ಎಂದು ನನಗೆ ಗೊತ್ತು. ಎರಡನೇ ಸಂಬಳ ಮುಂದೆಂದಾದರೂ ಬರುವುದಿದ್ದರೆ ಅದು ಆ ಕ್ಲಾಸಿನಿಂದಲೇ ಬರಬೇಕು. ಬ್ಯಾಂಕ್ ಖಾತೆ ಜಂಟಿಯಾಗಿ ತೆರೆಯಿರಿ. ಮೂವತ್ತೆಂಟು ಸಾವಿರ ಸಂಪಾದಿಸುತ್ತಿದ್ದವರು ಹಾಲು ತರಕಾರಿಗೆ ಗಂಡನ ಕೈ ಕಾಯುವಂತಾಗಬಾರದು.

ನೀವೂ ಬಿ1 ಮಟ್ಟದ ಜರ್ಮನ್ ಕಲಿಯಿರಿ. ಬ್ಲೂ ಕಾರ್ಡಿನವರಿಗೆ ಕಾಯಂ ವಾಸದ ಪರವಾನಗಿ 27 ತಿಂಗಳಿಗೆ ಸಿಗುತ್ತದೆ, ಬಿ1 ಇದ್ದರೆ 21 ತಿಂಗಳಿಗೇ. ಅದು ಕೈಗೆ ಬಂದ ಮೇಲೆ ಕೆಲಸ ಹೋದರೂ ದೇಶ ಬಿಡಬೇಕೆಂಬ ಭಯವಿಲ್ಲ. ಒಂದೇ ಸಂಬಳದ ಮನೆಗೆ ಆ ಆರು ತಿಂಗಳು ಬಹಳ ದೊಡ್ಡದು.

ಫ್ಲ್ಯಾಟು ಬಾಡಿಗೆಗೆ ಹೋಗಿ, ಕೈಯಲ್ಲಿ 12 ಲಕ್ಷ ಇದ್ದು, ಮನೆಯವರು ಮನಸ್ಸಿನಿಂದ ಒಪ್ಪಿದ್ದರೆ ಹೋಗಿ. ಮೂರರಲ್ಲಿ ಒಂದು ಇಲ್ಲದಿದ್ದರೂ ಈಗ ಬೇಡ.

ಪ್ರಶ್ನೆ: ಇಂಗ್ಲೆಂಡಿನಲ್ಲಿ ವೃದ್ಧರನ್ನು ನೋಡಿಕೊಳ್ಳುವ ಕೆಲಸ ಕೊಡಿಸುತ್ತೇನೆ, ಸಂಸಾರವನ್ನೂ ಕರೆದೊಯ್ಯಬಹುದು ಎಂದು ಏಜೆಂಟ್ 14 ಲಕ್ಷ ಕೇಳಿದ್ದಾರೆ. ಕೊಡಲಾ? – ಹಾಸನ

ಒಂದು ರೂಪಾಯಿಯನ್ನೂ ಕೊಡಬೇಡಿ. ಆ ಕೆಲಸದವರು ಕುಟುಂಬ ಕರೆದೊಯ್ಯುವುದನ್ನು ಬ್ರಿಟನ್ 2024ರ ಮಾರ್ಚ್ 11ರಿಂದ ನಿಲ್ಲಿಸಿದೆ. 2025ರ ಜುಲೈ 22ರಿಂದ ಹೊರದೇಶದಿಂದ ಹೊಸಬರನ್ನು ಕರೆಸುವುದೇ ನಿಂತಿದೆ. ಇಲ್ಲದ ಕೆಲಸವನ್ನು ನಿಮಗೆ ಮಾರುತ್ತಿರುವವನು ಕಳ್ಳ. ಈಗಾಗಲೇ ಅಡ್ವಾನ್ಸ್ ಕೊಟ್ಟಿದ್ದರೆ ನಾಚಿಕೆಪಡದೆ ಪೊಲೀಸರಿಗೆ ದೂರು ಕೊಡಿ.

ಪ್ರಶ್ನೆ: ಹೆಂಡತಿ ಬ್ರಿಟನ್‌ನಲ್ಲಿ ಎಂಎಸ್‌ಸಿ ಓದಲಿ, ನಾನು ಜೊತೆಗೆ ಹೋಗಿ ದುಡಿಯುತ್ತೇನೆ. ಆಗುತ್ತದಾ?

2024ರ ಜನವರಿಯಿಂದ ಆಗುವುದಿಲ್ಲ.

ಪ್ರಶ್ನೆ: ಅಮೆರಿಕದಲ್ಲಿ ಎಚ್-4 (ಎಚ್-1ಬಿ ಕೆಲಸದ ವೀಸಾದವರ ಸಂಗಾತಿಗೆ ಕೊಡುವ) ವೀಸಾದಲ್ಲಿ ಹೆಂಡತಿ ಕೆಲಸ ಮಾಡಬಹುದಾ?

ನಿಮ್ಮ ಗ್ರೀನ್‌ಕಾರ್ಡಿನ ಐ-140 ಅರ್ಜಿ ಮಂಜೂರಾಗಿ, ಅವರಿಗೆ ಕೆಲಸದ ಪರವಾನಗಿ ಬಂದ ಮೇಲೆ. ಅಲ್ಲಿಯವರೆಗೆ ಒಂದೇ ಸಂಬಳ ಎಂದೇ ಲೆಕ್ಕ ಹಾಕಿ.

ಪ್ರಶ್ನೆ: ಮಗ ಜರ್ಮನಿಯಲ್ಲಿದ್ದಾನೆ. ವರ್ಷಕ್ಕೆ 60 ಲಕ್ಷ ಬರುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಸೊಸೆ ಮತ್ತು ಮಗು ಹೋದ ಮೇಲೆ ಮನೆಗೆ ಹಣ ಕಳಿಸುವುದನ್ನು ತುಂಬ ಕಡಿಮೆ ಮಾಡಿದ್ದಾನೆ. ನಾವು ಏನು ತಪ್ಪು ಮಾಡಿದೆವು? – ಶಿವಮೊಗ್ಗದ ನಿವೃತ್ತರು

ನೀವು ತಪ್ಪು ಮಾಡಿಲ್ಲ ಹಿರಿಯರೇ, ನಿಮ್ಮ ಮಗನೂ ಮಾಡಿಲ್ಲ. ಸೊಸೆಯ ಮೇಲಂತೂ ಅನುಮಾನ ಬೇಡ. ಮೇಲಿನ ಲೆಕ್ಕವನ್ನು ದಯವಿಟ್ಟು ಪೂರ್ತಿ ಓದಿ. ಅವನ ಕೈಯಲ್ಲಿ ತಿಂಗಳ ಕೊನೆಗೆ ಉಳಿಯುವುದು ಅಷ್ಟೇ ಇರುತ್ತದೆ. ತಿಂಗಳಿಗೆ ಇಷ್ಟು ಎಂದು ಕೇಳುವ ಬದಲು ನಿಮ್ಮಿಬ್ಬರ ಆರೋಗ್ಯ ವಿಮೆಯ ಕಂತನ್ನು ಅವನೇ ಕಟ್ಟಲಿ ಎಂದು ಹೇಳಿ. ಅರವತ್ತು ದಾಟಿದ ಮೇಲೆ ಆ ಕಂತು ನಿಮ್ಮ ಪಿಂಚಣಿಗೆ ಭಾರ. ಪಾಲಿಸಿ ಮಾಡಿಸುವಾಗ ಬಿಪಿ, ಸಕ್ಕರೆ ಕಾಯಿಲೆ ಇದ್ದರೆ ಮುಚ್ಚಿಡದೆ ಬರೆಸಿ.