ನರ ಬೆಳೆಸುವ ಗುಳಿಗೆಯನ್ನು ತಂಗಿಗೆ ಕೊಡಿಸಬೇಕೇ?

ಬ್ಯಾಡಗಿ ಕಡೆಯ ನಿಮ್ಮ ತಂಗಿಯ ಮಣಿಕಟ್ಟಿಗೆ ಜೋಳ ಕೊಯ್ಯುವಾಗ ಕುಡಗೋಲು ತಾಗಿ, ಹೆಬ್ಬೆರಳ ಕಡೆಯ ಬೆರಳುಗಳಿಗೆ ಸ್ಪರ್ಶ ಕೊಡುವ ಮೀಡಿಯನ್ ನರ ತುಂಡಾಗಿದೆ. ಹುಬ್ಬಳ್ಳಿಯಲ್ಲಿ ಅದನ್ನು ಹೊಲಿದು ಎರಡು ತಿಂಗಳಾದರೂ ಬೆರಳುಗಳು ಮರಗಟ್ಟಿಯೇ ಇವೆ. ಯಾರೋ ತಿಂಗಳಿಗೆ ಮೂರು ಸಾವಿರ ರೂಪಾಯಿಯ ‘ನರ ಬೆಳೆಸುವ’ ಗುಳಿಗೆ ಹೇಳಿದ್ದಾರೆ, ಕೊಡಿಸಲೇ ಎಂದು ಕೇಳಿದ್ದೀರಿ. ಧಾರವಾಡದಲ್ಲಿ ಫಿಸಿಯೋಥೆರಪಿಸ್ಟ್ ಆಗಿ ಇಂಥ ಕೈಗಳನ್ನು ನೋಡುವುದೇ ನನ್ನ ಕೆಲಸ. ಕೊಡಿಸಬೇಡಿ. ಆ ಹಣ ಹುಬ್ಬಳ್ಳಿಗೆ ಓಡಾಡುವ ಬಸ್ಸಿಗೂ ಕೈಗೆ ಆಸರೆಯಾಗಿ ಕಟ್ಟುವ ಒಂದು ಒಳ್ಳೆಯ ಸ್ಪ್ಲಿಂಟಿಗೂ ಆದೀತು.

ಎರಡೇ ತಿಂಗಳಲ್ಲಿ ಬೆರಳ ತುದಿಗೆ ಸ್ಪರ್ಶ ಮರಳಿದ್ದರೆ ನಾನೇ ಬೆರಗಾಗುತ್ತಿದ್ದೆ. ನರ ತುಂಡಾದ ಮೇಲೆ ಗಾಯದ ಆಚೆಗಿನ ತಂತುಗಳು ಸಾಯುತ್ತವೆ. ಬ್ರಿಟಿಷ್ ಶರೀರವಿಜ್ಞಾನಿ ಆಗಸ್ಟಸ್ ವಾಲರ್ ಇದನ್ನು 1850ರಲ್ಲೇ ಕಪ್ಪೆಯ ನಾಲಿಗೆಯ ನರಗಳಲ್ಲಿ ಕಂಡಿದ್ದ. ಅಲ್ಲಿ ಉಳಿದ, ತಂತುಗಳನ್ನು ಸುತ್ತುವರಿದಿರುವ ಶ್ವಾನ್ ಕೋಶಗಳು ಸತ್ತದ್ದನ್ನು ತೆರವುಗೊಳಿಸಿ, ಬೆಳವಣಿಗೆಗೆ ಬೇಕಾದ ಪ್ರೋಟೀನುಗಳನ್ನು ಸುರಿಸಿ, ಹೊಸ ತಂತುಗಳಿಗೆ ದಾರಿ ಮಾಡಿಕೊಡುತ್ತವೆ. ಹೊಲಿಗೆ ದಾಟಲು ಕೆಲವು ವಾರ ಬೇಕು, ಆಮೇಲೆ ದಿನಕ್ಕೆ ಸುಮಾರು 1 ಮಿಲಿಮೀಟರ್. ಮಣಿಕಟ್ಟಿನಿಂದ ನಡುಬೆರಳ ತುದಿಯವರೆಗೆ ಅಳೆದು ನೋಡಿ: 17–18 ಸೆಂಟಿಮೀಟರ್ ಇದ್ದರೆ ಆರೇಳು ತಿಂಗಳ ಹಾದಿ. ಮಿದುಳು, ಬೆನ್ನುಹುರಿಗಳಲ್ಲಿ ಈ ಸೌಕರ್ಯವೂ ಇಲ್ಲ. ಅಲ್ಲಿ ತಂತುಗಳಿಗೆ ಹೊದಿಕೆಯಾಗಿರುವ ಮಯಲಿನ್ ಪೊರೆಯೇ ಅವನ್ನು ಬೆಳೆಯಗೊಡುವುದಿಲ್ಲ.

ಇಂಥ ಗುಳಿಗೆಗಳ ಡಬ್ಬಿಯ ಮೇಲೆ ಸಾಮಾನ್ಯವಾಗಿ ಮೀಥೈಲ್‌ಕೋಬಾಲಮಿನ್ (ವಿಟಮಿನ್ ಬಿ12ರ ಒಂದು ರೂಪ), ಅರಿಶಿನದ ಕರ್ಕ್ಯುಮಿನ್, ‘ಲಯನ್ಸ್ ಮೇನ್’ ಅಣಬೆ ಎಂದೆಲ್ಲ ಇರುತ್ತದೆ. ಪ್ರಯೋಗಾಲಯದ ಇಲಿಗಳಲ್ಲಿ ಇವು ಫಲ ತೋರಿಸಿರುವುದು ಸುಳ್ಳಲ್ಲ. ಆದರೆ ಇಲಿಯ ಕಾಲು ಎಷ್ಟುದ್ದ? ಅದರ ನರ ಕ್ರಮಿಸಬೇಕಾದ ದೂರ ಕೆಲವೇ ಸೆಂಟಿಮೀಟರ್. ಕರ್ಕ್ಯುಮಿನ್ ಅಂತೂ ಕರುಳಿನಿಂದ ರಕ್ತಕ್ಕೆ ಸೇರುವುದೇ ಅತ್ಯಲ್ಪ. ನರರಕ್ಷಕವೆಂದು ಹೆಸರಾದ ಸಿಟಿಕೋಲಿನ್ ಅನ್ನು ಮಿದುಳಿಗೆ ಪೆಟ್ಟುಬಿದ್ದ 1,213 ಮಂದಿಯ ಮೇಲೆ ಪರೀಕ್ಷಿಸಿ 2012ರಲ್ಲಿ ಫಲಿತಾಂಶ ಪ್ರಕಟಿಸಿದರು: ಔಷಧವಿಲ್ಲದ ಹುಸಿ ಗುಳಿಗೆಗಿಂತ ಅದು ಹೆಚ್ಚೇನೂ ಮಾಡಲಿಲ್ಲ.

ಬಿ12ರ ಮಾತು ಬೇರೆ. ತಂಗಿ ಸಸ್ಯಾಹಾರಿಯಾಗಿದ್ದರೆ ಅಥವಾ ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಿದ್ದರೆ ರಕ್ತ ಪರೀಕ್ಷೆ ಮಾಡಿಸಿ, ಕೊರತೆಯಿದ್ದರೆ ವೈದ್ಯರು ಹೇಳಿದಷ್ಟು ಕೊಡಿ. ಡಬ್ಬಿಯಲ್ಲಿ ಬಿ6 ಎಷ್ಟಿದೆ ಎಂಬುದನ್ನೂ ಓದಿ. ಅದು ಅತಿಯಾಗಿ ಬಹುಕಾಲ ಒಳಸೇರಿದರೆ ಸ್ಪರ್ಶದ ನರಗಳೇ ಕೆಡುತ್ತವೆ. ನರ ಉಳಿಸಲೆಂದು ಮಾರುವ ಸರಕಿನಲ್ಲಿ ಇಂಥದ್ದೂ ಇರುತ್ತದೆ, ನೋಡಿ!

ಈಗ ನನಗೆ ನಿಜವಾಗಿ ಆತಂಕವಿರುವುದು ಒಲೆಯ ಬಗ್ಗೆ. ಆ ಕೈಯಿಂದ ರೊಟ್ಟಿ ಬೇಯಿಸಿದರೆ ಹಂಚು ಸುಟ್ಟದ್ದು ಅವರಿಗೆ ತಿಳಿಯುವುದೇ ಇಲ್ಲ, ಚರ್ಮ ಬೊಬ್ಬೆ ಎದ್ದ ಮೇಲೆ ಕಣ್ಣಿಗೆ ಕಾಣುತ್ತದೆ. ಸದ್ಯಕ್ಕೆ ರೊಟ್ಟಿಯ ಕೆಲಸ ಬೇರೆಯವರು ಮಾಡಲಿ. ಹೆಬ್ಬೆರಳು ಬಿಗಿದುಕೊಳ್ಳದಂತೆ ದಿನವೂ ಇನ್ನೊಂದು ಕೈಯಿಂದ ಎಲ್ಲ ಕೀಲುಗಳನ್ನೂ ಮೆಲ್ಲಗೆ ಆಡಿಸಲಿ. ಸ್ಪರ್ಶ ಮರಳತೊಡಗಿದಾಗ ಬಟ್ಟಲುಗಳಲ್ಲಿ ಜೋಳ, ಹೆಸರುಕಾಳು, ಹತ್ತಿ ಇಟ್ಟು, ಮೊದಲು ನೋಡಿಕೊಂಡು, ಆಮೇಲೆ ಕಣ್ಣುಮುಚ್ಚಿ ಗುರುತಿಸುವುದನ್ನು ಅಭ್ಯಾಸ ಮಾಡಿಸಿ. ಹೊಸ ತಂತುಗಳೆಲ್ಲ ಹಳೆಯ ಜಾಗಕ್ಕೇ ಹೋಗಿ ಸೇರುವುದಿಲ್ಲವಾದ್ದರಿಂದ ಮಿದುಳು ಆ ಕೈಯನ್ನು ಮತ್ತೆ ಕಲಿಯಬೇಕಾಗುತ್ತದೆ. ನನ್ನ ಬಳಿ ಬರುವವರು ಹೆಚ್ಚು ಬೇಸರಪಡುವುದು ಇದಕ್ಕೇ, ಹೆಚ್ಚು ಲಾಭ ಪಡೆಯುವುದೂ ಇದರಿಂದಲೇ.

ನರ ಬೆಳೆಯುತ್ತಿದೆಯೇ ಎಂದು ತಿಳಿಯಲು ಹೊಲಿಗೆಯ ಗುರುತಿನಿಂದ ಅಂಗೈ ಕಡೆಗೆ ಬೆರಳಿನಿಂದ ಮೆಲ್ಲಗೆ ತಟ್ಟುತ್ತ ಹೋಗಿ. ಜುಮ್ಮೆನ್ನುವ ಜಾಗ ತಿಂಗಳಿಂದ ತಿಂಗಳಿಗೆ ಮುಂದೆ ಸರಿಯಬೇಕು. ಪ್ರತಿ ತಿಂಗಳೂ ಆ ಜಾಗಕ್ಕೆ ಪೆನ್ನಿನಿಂದ ಚುಕ್ಕೆಯಿಟ್ಟು ಮೊಬೈಲಿನಲ್ಲಿ ಫೋಟೋ ತೆಗೆದಿಡಿ. ಇನ್ನೆರಡು ತಿಂಗಳಲ್ಲೂ ಅದು ಕದಲದಿದ್ದರೆ ಹೊಲಿಗೆ ಹಾಕಿದ ಶಸ್ತ್ರವೈದ್ಯರಿಗೆ ಆ ಫೋಟೋಗಳನ್ನು ತೋರಿಸಿ, ನರಗಳ ವಿದ್ಯುತ್ ಪರೀಕ್ಷೆ ಬೇಕೇ ಎಂದು ಕೇಳಿ. ನರದ ಸಂಪರ್ಕವಿಲ್ಲದೆ ಒಂದೂವರೆ ವರ್ಷ ಕಳೆದ ಸ್ನಾಯು ಆಮೇಲೆ ನರ ತಲುಪಿದರೂ ಚೇತರಿಸಿಕೊಳ್ಳುವುದು ಕಷ್ಟ. ಹಾಗಾಗಿ ಮರು ಶಸ್ತ್ರಚಿಕಿತ್ಸೆ ಬೇಕಾದರೆ ಅದು ಮೊದಲ ಕೆಲವು ತಿಂಗಳಲ್ಲೇ ತೀರ್ಮಾನವಾಗಬೇಕು.