ಗಂಡಸರಿಗೂ ಮೂಳೆ ಟೊಳ್ಳಾಗುತ್ತದೆ, ಅಕ್ಕ

ಡೊಂಬಿವಿಲಿಯ ಓದುಗರೊಬ್ಬರ ಪತ್ರ: ‘ನಮ್ಮ ಯಜಮಾನರಿಗೆ 68. ಬಕೆಟ್ ಎತ್ತಲು ಬಗ್ಗಿದ್ದೇ ಬೆನ್ನುಮೂಳೆ ಬಿರುಕು ಬಿಟ್ಟಿತು. ಡಾಕ್ಟರು ದಿನಾ ಚುಚ್ಚಿಕೊಳ್ಳುವ ಟೆರಿಪ್ಯಾರಟೈಡ್ ಬರೆದಿದ್ದಾರೆ. “ಹೆಂಗಸರ ಕಾಯಿಲೆಯ ಔಷಧ ನನಗ್ಯಾಕೆ” ಅಂತ ಇವರು ಮುಟ್ಟುತ್ತಿಲ್ಲ. ಪುಣೆಯ ನಾದಿನಿಗೆ ಮೂಳೆಗೆಂದೇ ತಿಂಗಳಿಗೊಮ್ಮೆ ರೊಮೊಸೊಜುಮಾಬ್ ಕೊಡುತ್ತಾರೆ. ಇವರಿಗೂ ಅದನ್ನೇ ಕೊಡಬಾರದಾ? ದಮ್ಮಿಗೆ ಎಷ್ಟೋ ವರ್ಷದಿಂದ ಸ್ಟೀರಾಯ್ಡ್ ಮಾತ್ರೆ ಇದೆ, ಹೃದಯಕ್ಕೆ ಸ್ಟೆಂಟ್ ಹಾಕಿದೆ.’

ಅಕ್ಕ, ನಿಮ್ಮ ಪತ್ರ ಓದಿ ಸಂಕಟವಾಯಿತು. ನನ್ನ ಅಪ್ಪನೂ ಇದೇ ಮಾತು ಹೇಳುತ್ತಿದ್ದರು. ಸೊಂಟ ಮುರಿದ ಮೇಲೂ ಅವರ ಮೂಳೆ ಎಷ್ಟು ಗಟ್ಟಿ ಇದೆ ಅಂತ ಯಾರೂ ನೋಡಲಿಲ್ಲ, ನಾವೂ ಕೇಳಲಿಲ್ಲ. ಸೊಂಟ ಮುರಿದ ಮೇಲಿನ ಒಂದು ವರ್ಷದಲ್ಲಿ ತೀರಿಕೊಳ್ಳುವವರ ಪ್ರಮಾಣ ಹೆಂಗಸರಿಗಿಂತ ಗಂಡಸರಲ್ಲೇ ಜಾಸ್ತಿ. ಈ ಮಾತನ್ನು ಯಜಮಾನರಿಗೆ ಓದಿ ಹೇಳಿ.

ಗಿರ್ಗಾಂವ್‌ನ ಹಳೇ ಚಾಳುಗಳನ್ನು ನೋಡಿದ್ದೀರಲ್ಲ, ಮರದ ತೊಲೆಗಳ ಮೇಲೆ ನಿಂತಿರುತ್ತವೆ. ಮೂಳೆಯ ಒಳಗೂ ಅಂಥದೇ ಪುಟ್ಟ ತೊಲೆಗಳ ಜಾಲ ಇದೆ. ಮುಟ್ಟು ನಿಂತಾಗ ಹೆಂಗಸರಲ್ಲಿ ಈಸ್ಟ್ರೋಜನ್ ಅನ್ನುವ ಹಾರ್ಮೋನು ಬೇಗ ಇಳಿಯುತ್ತದೆ, ಎಷ್ಟೋ ತೊಲೆಗಳು ಕಡಿದೇ ಹೋಗುತ್ತವೆ. ಗಂಡಸರಲ್ಲಿ ವಯಸ್ಸಾದಂತೆ ತೊಲೆಗಳು ಹೆಚ್ಚಾಗಿ ತೆಳ್ಳಗಾಗುತ್ತವೆ. ಅವರ ಮೂಳೆ ಮೊದಲಿಗೇ ದೊಡ್ಡದು, ಹಾಗಾಗಿ ಮುರಿಯುವುದು ತಡ. ಆದರೆ ಗಂಡಸರ ಮೂಳೆಯನ್ನು ಕಾಯುವುದರಲ್ಲೂ ಈಸ್ಟ್ರೋಜನ್‌ನದೇ ದೊಡ್ಡ ಪಾಲು. ಗಂಡಸರ ಹಾರ್ಮೋನು ಟೆಸ್ಟೊಸ್ಟೆರಾನ್‌ನ ಸ್ವಲ್ಪ ಭಾಗ ಮೈಯಲ್ಲೇ ಈಸ್ಟ್ರೋಜನ್ ಆಗುತ್ತದೆ.

ಟೆರಿಪ್ಯಾರಟೈಡ್ ಅಂದರೆ ನಮ್ಮ ಕತ್ತಿನಲ್ಲಿರುವ ಪ್ಯಾರಾಥೈರಾಯ್ಡ್ ಗ್ರಂಥಿಯ ಹಾರ್ಮೋನಿನದೇ ಒಂದು ತುಂಡು. ಈ ಹಾರ್ಮೋನು ಇಡೀ ದಿನ ಏರಿಯೇ ಇದ್ದರೆ ಮೂಳೆ ಕರಗುತ್ತದೆ. ದಿನಕ್ಕೊಮ್ಮೆ ಏರಿ ಬೇಗ ಇಳಿದರೆ ಮೂಳೆ ಕಟ್ಟುವ ಕಣಗಳು ಚುರುಕಾಗುತ್ತವೆ! ಅದಕ್ಕೇ ದಿನಾ ಚುಚ್ಚುವುದು. ಅಮೆರಿಕದಲ್ಲಿ 2002ರಲ್ಲೇ ಹೆಂಗಸರು ಗಂಡಸರು ಇಬ್ಬರಿಗೂ ಒಪ್ಪಿಗೆ ಸಿಕ್ಕಿತು. 1,600ಕ್ಕೂ ಹೆಚ್ಚು ಹೆಂಗಸರ ಪರೀಕ್ಷೆಯಲ್ಲಿ ಬೆನ್ನುಮೂಳೆಯ ಹೊಸ ಮುರಿತ ಶೇ. 65ರಷ್ಟು ತಗ್ಗಿತು. ಗಂಡಸರ ಪರೀಕ್ಷೆಯಲ್ಲಿ ಇದ್ದವರು 437 ಜನ. ಸುಮಾರು 11 ತಿಂಗಳಲ್ಲಿ ಬೆನ್ನುಮೂಳೆಯ ಸಾಂದ್ರತೆ, ಅಂದರೆ ಮೂಳೆ ಎಷ್ಟು ಒತ್ತಾಗಿದೆ ಅನ್ನುವ ಅಳತೆ, ಶೇ. 6ರಷ್ಟು ಏರಿತು. ಮುರಿತ ಎಷ್ಟು ತಗ್ಗಿತು ಅಂತ ಗಟ್ಟಿಯಾಗಿ ಹೇಳಲು ಅಷ್ಟು ಜನ, ಅಷ್ಟು ಕಾಲ ಸಾಲದು. ಆದರೆ ಮೂಳೆ ಕಟ್ಟುವ ಕೆಲಸ ಇಬ್ಬರಲ್ಲೂ ನಡೆಯುತ್ತದೆ.

ನಾದಿನಿಯ ಔಷಧದ ದಾರಿ ಬೇರೆ. ಮೂಳೆ ಕಟ್ಟುವುದಕ್ಕೆ ಬ್ರೇಕ್ ಹಾಕುವ ಸ್ಕ್ಲಿರೋಸ್ಟಿನ್ ಅನ್ನುವ ಪ್ರೋಟೀನನ್ನು ಅದು ತಡೆಯುತ್ತದೆ, ಸವೆತವನ್ನೂ ತಗ್ಗಿಸುತ್ತದೆ. 245 ಗಂಡಸರ ಪರೀಕ್ಷೆಯಲ್ಲಿ ಒಂದೇ ವರ್ಷಕ್ಕೆ ಬೆನ್ನುಮೂಳೆಯ ಸಾಂದ್ರತೆ ಶೇ. 12ರಷ್ಟು ಏರಿತು. ಬೇಗ ಕೆಲಸ ಮಾಡುತ್ತದೆ, ನಿಜ. ಆದರೆ ಅದೇ ಪರೀಕ್ಷೆಯಲ್ಲಿ ಹೃದಯ, ರಕ್ತನಾಳದ ಗಂಭೀರ ತೊಂದರೆ ಈ ಔಷಧ ಪಡೆದವರಲ್ಲಿ ಶೇ. 4.9, ಪಡೆಯದವರಲ್ಲಿ ಶೇ. 2.5 ಇತ್ತು. ಜಪಾನ್ ಇಬ್ಬರಿಗೂ ಒಪ್ಪಿಗೆ ಕೊಟ್ಟಿದೆ. ಅಮೆರಿಕ 2019ರಲ್ಲಿ ಕೊಟ್ಟಿದ್ದು ಮುಟ್ಟು ನಿಂತ ಹೆಂಗಸರಿಗೆ ಮಾತ್ರ, ಅದೂ ಹೃದಯದ ಎಚ್ಚರಿಕೆಯ ಜೊತೆಗೆ. ಸ್ಟೆಂಟ್ ಇರುವ ಯಜಮಾನರಿಗೆ ಡಾಕ್ಟರು ಇದನ್ನು ಬರೆಯದೇ ಇದ್ದದ್ದು ಸುಮ್ನೆ ಅಲ್ಲ ಅನ್ನಿಸುತ್ತದೆ.

ನೀವು ಪತ್ರದ ಕೊನೆಗೆ ಬರೆದ ಸ್ಟೀರಾಯ್ಡ್ ಮಾತ್ರೆಯೇ ನನ್ನನ್ನು ಜಾಸ್ತಿ ಕಾಡಿತು. ಗಂಡಸರ ಮೂಳೆ ಟೊಳ್ಳಾದಾಗ ಇಂಥ ಕಾರಣ ಹಿಂದೆ ಇರುವುದು ತುಂಬಾ ಸಾಮಾನ್ಯ: ಸ್ಟೀರಾಯ್ಡ್, ಕುಡಿತ, ಟೆಸ್ಟೊಸ್ಟೆರಾನ್ ಕೊರತೆ. ಮಾತ್ರೆಯನ್ನು ನೀವಾಗಿ ನಿಲ್ಲಿಸಲೇಬೇಡಿ, ಅಪಾಯ. ಇನ್‌ಹೇಲರ್ ಹೊಂದಿಸಿ ಮಾತ್ರೆ ಕಡಿಮೆ ಮಾಡಬಹುದಾ ಅಂತ ದಮ್ಮಿನ ಡಾಕ್ಟರನ್ನು ಕೇಳಿ. ಟೆರಿಪ್ಯಾರಟೈಡ್ ಕೋರ್ಸ್ ಸಾಮಾನ್ಯವಾಗಿ ಎರಡು ವರ್ಷ. ಮುಗಿದ ಮೇಲೆ ಕಟ್ಟಿದ ಮೂಳೆ ಉಳಿಯಲು ಬೇರೆ ಔಷಧ ಬೇಕು. ಅದು ಯಾವುದು ಅಂತ ಈಗಲೇ ವಿಚಾರಿಸಿಡಿ.

ಟೆರಿಪ್ಯಾರಟೈಡ್ ಚುಚ್ಚುವ ಪೆನ್ನನ್ನು ಫ್ರಿಜ್ಜಿನಲ್ಲಿಡಿ, ಫ್ರೀಜರ್‌ನಲ್ಲಿ ಬೇಡ. ಶುರು ಮಾಡಿದ ತಾರೀಕನ್ನು ಡಬ್ಬಿಯ ಮೇಲೆ ಬರೆಯಿರಿ, 28 ದಿನ ಆದ ಮೇಲೆ ಅದು ಬೇಡ. ಮೊದಲ ಕೆಲವು ಸಲ ತಲೆ ತಿರುಗಬಹುದು. ಮಂಚದ ಮೇಲೆ ಕೂರಿಸಿಯೇ ಕೊಡಿ, ಅಕ್ಕ.

– ಸಂಪಾದಕ